ಉಳಿದುದರ ಬಲ

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಪಾಣಿನಿಯ ಒಂದು ಚಿಕ್ಕ ಸೂತ್ರದ ಪರಿಚಯವಿದ್ದೇ ಇರುತ್ತದೆ. ಯಾವ ಅಂಗದ ಮೂಲಕ ಒಬ್ಬನ ದೇಹದ ಊನವು ತೋರಿಬರುವುದೋ ಆ ಅಂಗವನ್ನು ಹೇಳುವ ಶಬ್ದಕ್ಕೆ ತೃತೀಯಾ ವಿಭಕ್ತಿ ಬರುತ್ತದೆ ಎಂಬುದು ಅದರ ತಾತ್ಪರ್ಯ. ‘ಕಾಲಿನಿಂದ ಕುಂಟ’, ‘ಕಣ್ಣಿನಿಂದ ಒಕ್ಕಣ್ಣ’ ಎಂದು ಗುರುಗಳು ಉದಾಹರಣೆ ಕೊಡುವರು. ಶಿಷ್ಯರು ಬಾಯಿಪಾಠ ಮಾಡುವರು. ವೈಯಾಕರಣರಿಗೆ ಬೇಕಾದುದು ವಿಭಕ್ತಿಯ ನಿಯಮ ಮಾತ್ರವೇ ಆದರೂ, ಅನೇಕ ವರ್ಷ ಈ ಪಾಠವನ್ನು ಹೇಳಿದ ನಮಗೆ ಅದರಲ್ಲಿ ಬೇರೊಂದು ಅರ್ಥವೂ ಹೊಳೆದಿದೆ. ಕುಂಟನೆನ್ನುವಾಗ ಯಾವುದರಿಂದ ಕುಂಟನೆಂದು ಹೇಳಬೇಕು. ಕಾಲಿನಿಂದ ಕುಂಟನಾದವನು ಕೈಯಿಂದ ಕುಂಟನಲ್ಲ, ಬುದ್ಧಿಯಿಂದ ಕುಂಟನಲ್ಲ, ಧೈರ್ಯದಿಂದಲೂ ಕುಂಟನಲ್ಲ. ಲೋಕದ ಮಾತು ಮಾತ್ರ ಈ ವಿವೇಚನೆಯನ್ನು ಮಾಡುವುದಿಲ್ಲ. ಒಂದು ಅಂಗ ಕೆಟ್ಟರೆ ಇಡೀ ಮನುಷ್ಯನೇ ಕೆಟ್ಟನೆಂದು ಭಾವಿಸಿ ಅವನನ್ನು ಮನೆಯ ಮೂಲೆಯಲ್ಲಿ ಕೂರಿಸುತ್ತದೆ.

ಹಾಗೆ ಕೂರಲು ಒಪ್ಪದ ಒಬ್ಬ ಮಹನೀಯರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ. ಅವರೇ ಶ್ರೀ ಮುರಳೀಕಾಂತ ರಾಜಾರಾಮ ಪೇಟ್ಕರರು. ಅಂಗವಿಕಲರ ಒಲಿಂಪಿಕ್ಸ್ ಎಂದು ಪ್ರಸಿದ್ಧವಾಗಿರುವ ಪ್ಯಾರಾಲಿಂಪಿಕ್ಸ್ ಕ್ರೀಡೆಗಳಲ್ಲಿ ಭರತಖಂಡಕ್ಕೆ ಮೊತ್ತಮೊದಲು ಚಿನ್ನದ ಪದಕವನ್ನು ತಂದವರು ಇವರು. ಒಂದೇ ಆಟದಲ್ಲಿ ಪರಿಶ್ರಮವುಳ್ಳವರು ಬಹುಮಂದಿ ಇದ್ದಾರೆ. ಆದರೆ ಮುಷ್ಟಿಯುದ್ಧ, ಟೇಬಲ್ ಟೆನ್ನಿಸ್, ಈಜು, ಭರ್ಜಿ ಎಸೆತ, ಗಾಲಿಕುರ್ಚಿಯ ಸ್ಲಾಲಮ್ ಎಂಬ ಇಷ್ಟು ಬಗೆಯ ಕ್ರೀಡೆಗಳಲ್ಲಿ ಒಬ್ಬರೇ ಕೈಯಿಟ್ಟುದು ವಿರಳ. ಅವುಗಳಲ್ಲಿ ಮೊದಲನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಾಲುಗಳ ಸ್ವಾಧೀನ ತಪ್ಪಿದ ಮೇಲೆ ಸಾಧಿಸಿದುದು ಅದಕ್ಕಿಂತಲೂ ವಿರಳ.

ಪೇಟ್ಕರರು ಹುಟ್ಟಿದುದು ೧೯೪೪ನೆಯ ಇಸವಿ ನವೆಂಬರ್ ೧ರಂದು, ಇಂದಿನ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದಲ್ಲಿ. ಈ ಸೀಮೆಯು ನಮ್ಮ ಬೆಳಗಾವಿ ಪ್ರಾಂತಕ್ಕೆ ದೂರವಾದುದೇನಲ್ಲ. ಸಾಂಗ್ಲಿಯನ್ನು ಮುಟ್ಟಿ ಬಂದ ಕೃಷ್ಣೆಯೇ ಮುಂದೆ ಕನ್ನಡನಾಡನ್ನು ಪ್ರವೇಶಿಸುತ್ತಾಳೆ. ಕುಸ್ತಿಯ ಅಖಾಡವಿಲ್ಲದ ಊರು ಆ ಭಾಗದಲ್ಲಿ ಅಪರೂಪ. ೧೯೫೨ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲನೆಯ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದ ಖಾಶಾಬಾ ಜಾಧವರು ಅಲ್ಲಿಗೆ ಸಮೀಪದ ಕರಾಡದ ಬಳಿಯ ಗೋಳೇಶ್ವರದವರು. ಇಂತಹ ನೆಲದಲ್ಲಿ ಬೆಳೆದ ಬಾಲಕ ಮುರಳೀಕಾಂತನಿಗೆ ಮಟ್ಟಿಯ ಮಣ್ಣಿನ ವಾಸನೆ ಎಳೆವಯಸ್ಸಿನಲ್ಲಿಯೇ ಹತ್ತಿದುದು ಸಹಜವೇ ಆಗಿತ್ತು.

ತರುವಾಯ ಅವರು ಸೈನ್ಯವನ್ನು ಸೇರಿದರು. ಯುದ್ಧೋಪಕರಣಗಳನ್ನೂ ವಾಹನಗಳನ್ನೂ ದುರಸ್ತಿ ಮಾಡುವ ಇ.ಎಂ.ಇ. ಎಂಬ ದಳದಲ್ಲಿ ಅವರಿಗೆ ಕೆಲಸವಾಯಿತು. ಸೈನ್ಯದ ಬದುಕಿನಲ್ಲಿ ಆಟಕ್ಕೆ ದೊಡ್ಡ ಸ್ಥಾನವುಂಟು. ಊರಿನಲ್ಲಿ ಕುಸ್ತಿ ಆಡಿದ ದೇಹವು ಇಲ್ಲಿ ಮುಷ್ಟಿಯುದ್ಧಕ್ಕೆ ಹೊಂದಿಕೊಂಡಿತು. ೧೯೬೪ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಸೇನಾಪಡೆಗಳ ಅಂತಾರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರು ಮುಷ್ಟಿಮಲ್ಲರಾಗಿ ಭಾಗವಹಿಸಿದರು. ಆಗ ಅವರ ವಯಸ್ಸು ಇಪ್ಪತ್ತರ ಆಚೀಚೆ. ಮುಂದೆ ಇನ್ನಷ್ಟು ಕೀರ್ತಿ ಕಾದಿದೆಯೆಂದು ಭಾವಿಸಲು ಎಲ್ಲ ಕಾರಣಗಳೂ ಇದ್ದುವು.

ಮರುವರ್ಷವೇ, ೧೯೬೫ರಲ್ಲಿ, ಪಾಕಿಸ್ತಾನದೊಡನೆ ಯುದ್ಧವು ಒದಗಿತು. ಪೇಟ್ಕರರು ಸಿಯಾಲ್‌ಕೋಟೆಯ ಕಡೆಯ ರಣಭೂಮಿಯಲ್ಲಿದ್ದರು. ಅವರು ಮುಂದೆ ಹೇಳಿಕೊಂಡಿರುವಂತೆ, ಒಂದು ದಿನ ಎಚ್ಚರಿಕೆಯ ಸೀಟಿ ಕೇಳಿಬಂದಾಗ ಕೆಲವು ಸೈನಿಕರು ಅದನ್ನು ಚಹದ ಹೊತ್ತಿನ ಸೂಚನೆಯೆಂದೇ ತಿಳಿದು ಹೊರಗೆ ಬಂದರಂತೆ. ಆಕಾಶದಿಂದ ಶತ್ರುವಿಮಾನಗಳ ದಾಳಿ ಆರಂಭವಾಯಿತು. ಪೇಟ್ಕರರ ಮೈಗೆ ಅನೇಕ ಗುಂಡುಗಳು ತಗುಲಿದುವು. ಅವುಗಳಲ್ಲಿ ಒಂದು ಬೆನ್ನೆಲುಬಿನಲ್ಲಿ ನೆಟ್ಟು, ಅಲ್ಲಿಯೇ ಉಳಿಯಿತು. ಬಹುಕಾಲ ಅವರಿಗೆ ಮೈಮೇಲೆ ಅರಿವಿರಲಿಲ್ಲ. ಅರಿವು ಮರಳಿ ಬಂದಾಗ ಸೊಂಟದಿಂದ ಕೆಳಗಿನ ದೇಹವು ಅವರ ಮಾತನ್ನು ಕೇಳದಾಗಿತ್ತು.

ಬೆನ್ನುಹುರಿಗೆ ಗಾಯವಾಗುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಗೃಹಸ್ಥರು ತಿಳಿದಿರಬೇಕಾದ ಸಂಗತಿ ಇದು. ಮೆದುಳಿನ ಆಜ್ಞೆಗಳು ಕೈಕಾಲುಗಳಿಗೆ ಹೋಗುವುದೂ, ಕೈಕಾಲುಗಳ ಸ್ಪರ್ಶಜ್ಞಾನ ಮೆದುಳಿಗೆ ಬರುವುದೂ ಈ ಹುರಿಯ ಮೂಲಕವೇ. ಹುರಿಯು ಎಲ್ಲಿ ತುಂಡಾಯಿತೋ ಅಲ್ಲಿಂದ ಕೆಳಗಿನ ಸ್ನಾಯುಗಳಿಗೆ ಆಜ್ಞೆ ಮುಟ್ಟದು. ಅಲ್ಲಿಯ ನೋವು ಮೇಲಕ್ಕೆ ತಿಳಿಯದು. ಗಾಯವು ಕುತ್ತಿಗೆಯಲ್ಲಾದರೆ ಕೈಗಳೂ ಹೋಗುತ್ತವೆ. ಬೆನ್ನಿನ ಕೆಳಭಾಗದಲ್ಲಾದರೆ ಕಾಲುಗಳು ಮಾತ್ರ ಹೋಗುತ್ತವೆ. ನೋವೇ ತಿಳಿಯದಿರುವುದು ಮೇಲುನೋಟಕ್ಕೆ ಅನುಕೂಲವೆಂದು ತೋರೀತು. ಆದರೆ ಅದೇ ದೊಡ್ಡ ಅಪಾಯ. ನಾವು ನಿದ್ರೆಯಲ್ಲಿಯೂ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶಜ್ಞಾನವಿಲ್ಲದವನು ಒಂದೇ ಮಗ್ಗುಲಲ್ಲಿ ಬಿದ್ದಿರುತ್ತಾನೆ. ಒತ್ತಡ ಬಿದ್ದಲ್ಲಿ ರಕ್ತಸಂಚಾರ ನಿಂತು ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಮೂತ್ರಕೋಶಕ್ಕೂ ವಿಷ ಏರುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇಂತಹ ರೋಗಿಗಳು ಎರಡು ಮೂರು ವರ್ಷಗಳೊಳಗೆ ಈ ಹುಣ್ಣು, ಈ ವಿಷಗಳಿಂದಲೇ ಮೃತರಾಗುತ್ತಿದ್ದುದು ವಾಡಿಕೆ. ವೈದ್ಯರೂ ಅದನ್ನು ವಿಧಿಯೆಂದೇ ತಿಳಿದು ಕೈಚೆಲ್ಲಿದ್ದರು.

ಕೈಚೆಲ್ಲದ ವೈದ್ಯರೊಬ್ಬರಿದ್ದರು. ಅವರ ಹೆಸರು ಲುಡ್ವಿಗ್ ಗುಟ್‌ಮನ್. ೧೮೯೯ರಲ್ಲಿ ಜರ್ಮನಿಗೆ ಸೇರಿದ್ದ ಸೈಲೀಸಿಯಾ ಪ್ರಾಂತದಲ್ಲಿ ಹುಟ್ಟಿದ ಇವರು ಯೆಹೂದ್ಯರು. ನರರೋಗಗಳ ತಜ್ಞರಾಗಿ ಹೆಸರು ಪಡೆದವರು. ನಾಜಿಗಳ ಹಿಂಸೆ ಮಿತಿಮೀರಿದಾಗ ೧೯೩೯ರಲ್ಲಿ ಹೆಂಡತಿ ಮಕ್ಕಳೊಡನೆ ದೇಶಬಿಟ್ಟು ಇಂಗ್ಲೆಂಡನ್ನು ಸೇರಿದರು. ೧೯೪೪ರ ಫೆಬ್ರವರಿ ೧ರಂದು ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ಅವರ ಮುಖ್ಯತ್ವದಲ್ಲಿ ತೆರೆಯಲಾಯಿತು. ನಮ್ಮ ಕಥಾನಾಯಕರು ಹುಟ್ಟಿದುದೂ ಅದೇ ವರ್ಷದ ಕೊನೆಯಲ್ಲಿಯೇ.

ಗುಟ್‌ಮನ್ನರ ಚಿಕಿತ್ಸೆಯಲ್ಲಿ ಮಂತ್ರವೂ ಇರಲಿಲ್ಲ, ಮಾಯೆಯೂ ಇರಲಿಲ್ಲ. ಹಗಲಿರಲಿ ಇರುಳಿರಲಿ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲನ್ನು ಬದಲಿಸತಕ್ಕದ್ದು, ಶೌಚದಲ್ಲಿ ಕಟ್ಟುನಿಟ್ಟಾಗಿರತಕ್ಕದ್ದು, ಎದ್ದು ಕೂರುವಂತಾದ ಕೂಡಲೆ ರೋಗಿಗೆ ಏನಾದರೊಂದು ಕೆಲಸವನ್ನೂ ಆಟವನ್ನೂ ಕೊಡತಕ್ಕದ್ದು, ಇಷ್ಟೆ. ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿರುವ ಗೃಹಿಣಿಯರು ಈ ಮೊದಲನೆಯ ನಿಯಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಇಂದಿಗೂ ಹಳತಾಗಿಲ್ಲ. ಆಟವನ್ನು ಗುಟ್‌ಮನ್ನರು ವಿನೋದಕ್ಕಾಗಿ ಮಾತ್ರ ಆಡಿಸಲಿಲ್ಲ, ಔಷಧದಂತೆ ವಿಧಿಸಿದರು. ಆಟದಿಂದ ಉಳಿದ ಸ್ನಾಯುಗಳು ಬಲಿಯುತ್ತವೆ, ಕುಳಿತ ದೇಹಕ್ಕೆ ಸಮತೋಲ ಬರುತ್ತದೆ, ತಾನು ಯಾರಿಗೂ ಬೇಡದವನೆಂಬ ಮನಸ್ಸಿನ ಕಹಿ ಇಳಿಯುತ್ತದೆ ಎಂಬುದು ಅವರ ನಂಬಿಕೆ. ೧೯೪೮ರ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದ ದಿನವೇ, ಸ್ಟೋಕ್ ಮ್ಯಾಂಡೆವಿಲ್ಲಿನ ಹುಲ್ಲುಹಾಸಿನಲ್ಲಿ ೧೬ ಮಂದಿ ಗಾಯಾಳುಗಳು ಗಾಲಿಕುರ್ಚಿಗಳಲ್ಲಿ ಕುಳಿತು ಬಿಲ್ಲುವಿದ್ಯೆಯ ಪಂದ್ಯವನ್ನಾಡಿದರು. ಆ ಹದಿನಾರರಲ್ಲಿ ಇಬ್ಬರು ಸ್ತ್ರೀಯರು. ಆ ಚಿಕ್ಕ ಪಂದ್ಯವೇ ಬೆಳೆದು ೧೯೬೦ರಲ್ಲಿ ರೋಮ್ ನಗರದಲ್ಲಿ ೨೩ ದೇಶಗಳ ಸುಮಾರು ೪೦೦ ಮಂದಿ ಸೇರಿದ ಕ್ರೀಡೋತ್ಸವವಾಯಿತು. ಅದನ್ನೇ ಮೊದಲನೆಯ ಪ್ಯಾರಾಲಿಂಪಿಕ್ಸ್ ಎಂದು ಈಗ ಎಣಿಸುತ್ತಾರೆ.

ಈಗ ಮುಂಬಯಿಗೆ ಬರೋಣ. ಗಾಯಗೊಂಡ ಪೇಟ್ಕರರಿಗೆ ಅಲ್ಲಿಯ ‘ಅಶ್ವಿನಿ’ ಎಂಬ ನೌಕಾಪಡೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ದೇವವೈದ್ಯರಾದ ಅಶ್ವಿನೀಕುಮಾರರ ಹೆಸರು ಆಸ್ಪತ್ರೆಗೆ ಎಷ್ಟು ಒಪ್ಪುತ್ತದೆಂದು ಸಂಸ್ಕೃತಜ್ಞರಿಗೆ ಹೇಳಬೇಕಾಗಿಲ್ಲ. ಅಂಗಸಾಧನೆಯ ಚಿಕಿತ್ಸಕರು ಅವರಿಗೆ ಈಜನ್ನು ಸೂಚಿಸಿದರು. ಸೂಚನೆಯು ವಿವೇಕದಿಂದ ಕೂಡಿತ್ತು. ನೆಲದ ಮೇಲೆ ಕಾಲಿಲ್ಲದವನು ಒಂದು ಮಾರು ಸರಿಯಬೇಕಾದರೂ ಇಡೀ ದೇಹದ ಭಾರವನ್ನು ತೋಳುಗಳೇ ಹೊರಬೇಕು. ನೀರಿನಲ್ಲಾದರೋ ಭಾರದ ಬಹುಭಾಗವನ್ನು ನೀರೇ ಹೊರುತ್ತದೆ. ತೋಳುಗಳಿಗೆ ಎಳೆಯುವ ಕೆಲಸವಷ್ಟೇ ಉಳಿಯುತ್ತದೆ. ಗಾಲಿಕುರ್ಚಿಯಿಲ್ಲದೆ, ಯಾರ ಕೈಯನ್ನೂ ಹಿಡಿಯದೆ, ತನ್ನ ಬಲದಿಂದಲೇ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬಹುದಾದ ಸ್ಥಳವು ಅಂತಹವನಿಗೆ ಜಲವೊಂದೇ. ಮುಷ್ಟಿಯುದ್ಧದಲ್ಲಿ ಬಲಿತ ಪೇಟ್ಕರರ ಹೆಗಲುಗಳಿಗೆ ಗುಂಡು ತಗುಲಿದರೂ ಅಭ್ಯಾಸ ತಪ್ಪಿರಲಿಲ್ಲ. ಇದ್ದ ಬಂಡವಾಳವೆಲ್ಲ ಅದೇ. ಅದರಿಂದಲೇ ಹೊಸ ವ್ಯಾಪಾರವನ್ನು ಹೂಡಿದರು.

ಆದರೆ ಅವರು ಮೊದಲು ಪರದೇಶಕ್ಕೆ ಹೋದುದು ಈಜುಗಾರರಾಗಿ ಅಲ್ಲ. ೧೯೬೮ರ ನವೆಂಬರ್ ತಿಂಗಳಲ್ಲಿ ಇಸ್ರೇಲಿನ ಟೆಲ್ ಅವೀವಿನಲ್ಲಿ ಮೂರನೆಯ ಪ್ಯಾರಾಲಿಂಪಿಕ್ಸ್ ನಡೆಯಿತು. ಆ ವರ್ಷದ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ನಗರವು ಇವನ್ನು ನಡೆಸಲು ಮುಂದೆ ಬರಲಿಲ್ಲವಾದ ಕಾರಣ ಇಸ್ರೇಲ್ ಆ ಹೊಣೆಯನ್ನು ವಹಿಸಿತು. ಭಾರತವು ಈ ಕ್ರೀಡೆಗಳಿಗೆ ತಂಡವನ್ನು ಕಳುಹಿಸಿದುದು ಅದೇ ಮೊದಲು. ಹತ್ತು ಮಂದಿಯ ಚಿಕ್ಕ ತಂಡ. ಅದರಲ್ಲಿ ಪೇಟ್ಕರರು ಟೇಬಲ್ ಟೆನ್ನಿಸ್ ಆಟಗಾರರಾಗಿ ಹೋಗಿ, ಮೊದಲನೆಯ ಸುತ್ತನ್ನು ದಾಟಿದರು. ಪದಕವು ದೊರೆಯಲಿಲ್ಲ. ಆದರೆ ತಮ್ಮಂತೆಯೇ ಯುದ್ಧದಲ್ಲಿಯೋ ಅಪಘಾತದಲ್ಲಿಯೋ ಕಾಲುಗಳನ್ನು ಕಳೆದುಕೊಂಡ ನೂರಾರು ಮಂದಿ ಓಟದ ಕುರ್ಚಿಗಳನ್ನು ನೂಕುವುದನ್ನೂ, ಈಟಿ ಎಸೆಯುವುದನ್ನೂ, ಈಜುವುದನ್ನೂ ಕಣ್ಣಾರೆ ಕಂಡುದು ಅಲ್ಲಿಯೇ. ಒಬ್ಬ ಕ್ರೀಡಾಪಟುವಿಗೆ ಇಂತಹ ದರ್ಶನವು ಅಲ್ಪಲಾಭವಲ್ಲ.

ಈ ಪ್ರಯಾಣಗಳಿಗೆ ಹಣ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅಂಗವಿಕಲರ ಕ್ರೀಡೆಗೆ ಸರಕಾರವು ಖರ್ಚು ಮಾಡುವ ಕಾಲ ಅದಾಗಿರಲಿಲ್ಲ. ಭಾರತದ ಕ್ರಿಕೆಟ್ ತಂಡದ ಆಟಗಾರರಾಗಿದ್ದ ವಿಜಯ ಮರ್ಚೆಂಟರು, ಅಂಗವಿಕಲರಿಗೆ ಉದ್ಯೋಗ ಆಶ್ರಯಗಳನ್ನು ಒದಗಿಸುವ ಕಾರ್ಯದಲ್ಲಿ ತಮ್ಮ ಉತ್ತರವಯಸ್ಸನ್ನು ಸವೆಸಿದ ಪುಣ್ಯವಂತರು. ಅವರ ನೆರವಿನಿಂದ ಪೇಟ್ಕರರ ಪ್ರಯಾಣದ ವೆಚ್ಚವು ನಡೆಯಿತು. ಒಂದು ಆಟದಲ್ಲಿ ಹೆಸರು ಗಳಿಸಿದವರು ಬೇರೊಂದು ಆಟದ ಬಡ ಕ್ರೀಡಾಪಟುವಿನ ಕೈಹಿಡಿದರೆ ಎಂತಹ ಫಲ ಬರಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೧೯೭೨ರ ಆಗಸ್ಟ್ ತಿಂಗಳು ಬಂದಿತು. ಆ ವರ್ಷ ಒಲಿಂಪಿಕ್ಸ್ ನಡೆಯಬೇಕಾಗಿದ್ದುದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಆದರೆ ಅಲ್ಲಿ ಕ್ರೀಡಾಪಟುಗಳಿಗಾಗಿ ಕಟ್ಟಿದ ವಸತಿಗಳನ್ನು ಒಲಿಂಪಿಕ್ಸ್ ಮುಗಿದೊಡನೆ ಸಾಮಾನ್ಯ ಜನರ ಮನೆಗಳಾಗಿ ಮಾರ್ಪಡಿಸುವ ಏರ್ಪಾಡಾಗಿತ್ತು. ಗಾಲಿಕುರ್ಚಿಯವರಿಗೆ ಅಲ್ಲಿ ಎಡೆಯಿರಲಿಲ್ಲ. ಆದಕಾರಣ ಪುರಾತನ ವಿದ್ಯಾಪೀಠದಿಂದ ಖ್ಯಾತವಾದ ಹೈಡೆಲ್‌ಬರ್ಗ್ ನಗರದಲ್ಲಿ ಆಗಸ್ಟ್ ೨ರಿಂದ ೧೧ರವರೆಗೆ ಪ್ಯಾರಾಲಿಂಪಿಕ್ಸ್ ನಡೆಯಿತು. ನಲವತ್ತಕ್ಕೂ ಹೆಚ್ಚು ದೇಶಗಳಿಂದ ಸಾವಿರದಷ್ಟು ಕ್ರೀಡಾಪಟುಗಳು ನೆರೆದಿದ್ದರು. ೩೩ ವರ್ಷಗಳ ಹಿಂದೆ ಜೀವವನ್ನುಳಿಸಿಕೊಳ್ಳಲು ಆ ದೇಶವನ್ನು ತೊರೆದಿದ್ದ ಗುಟ್‌ಮನ್ನರು ತಾವು ನೆಟ್ಟ ಬೀಜವು ಅದೇ ನೆಲದಲ್ಲಿ ಮರವಾದುದನ್ನು ಕಂಡರು.

ಆ ಕ್ರೀಡೆಗಳಲ್ಲಿ ಸ್ಪರ್ಧಿಗಳನ್ನು ವರ್ಗಗಳಾಗಿ ವಿಂಗಡಿಸುವ ಕ್ರಮವುಂಟು. ಬೆನ್ನುಹುರಿಯ ಗಾಯವು ಎಷ್ಟು ಮೇಲೆ ಇದೆ, ಯಾವ ಸ್ನಾಯುಗಳು ಉಳಿದಿವೆ ಎಂಬುದನ್ನು ವೈದ್ಯರು ಪರೀಕ್ಷಿಸಿ, ಸಮಾನಬಲರಾದವರನ್ನು ಒಂದೇ ಪಂಕ್ತಿಯಲ್ಲಿ ನಿಲ್ಲಿಸುತ್ತಾರೆ. ನಾವು ಮೊದಲಿನಲ್ಲಿ ಹೇಳಿದ ವ್ಯಾಕರಣಸೂತ್ರದ ಪ್ರಶ್ನೆಯೇ ಇಲ್ಲಿಯೂ ಇದೆ. ಇವನು ಊನನೆಂದು ಸುಮ್ಮನೆ ಹೇಳಿದರೆ ಸಾಲದು. ಯಾವುದರಿಂದ, ಎಷ್ಟರಮಟ್ಟಿಗೆ ಎಂಬುದನ್ನು ಹೇಳಬೇಕು. ಪೇಟ್ಕರರು ಮೂರನೆಯ ವರ್ಗದಲ್ಲಿ ನಿಂತರು.

ಅವರು ಹೈಡೆಲ್‌ಬರ್ಗಿನಲ್ಲಿ ಒಂದೇ ಪಂದ್ಯಕ್ಕೆ ಹೆಸರನ್ನು ಕೊಟ್ಟಿರಲಿಲ್ಲ. ಕುಳಿತಲ್ಲಿಂದ ದೂರಕ್ಕೆ ಭರ್ಜಿಯನ್ನೆಸೆಯುವುದು ಒಂದು. ನೆಲದ ಮೇಲೆ ಗುರುತಿಸಿದ ಗುರಿಗೆ ತಪ್ಪದಂತೆ ಭರ್ಜಿಯನ್ನು ಬೀಳಿಸುವುದು ಇನ್ನೊಂದು. ಇದರಲ್ಲಿ ತೋಳಿನ ಬಲಕ್ಕಿಂತ ಕಣ್ಣಳತೆ ಮುಖ್ಯ. ಸ್ಲಾಲಮ್ ಎಂಬುದು ಮೂರನೆಯದು. ನೆಟ್ಟ ಗುರುತುಗಳ ನಡುವೆ, ಏರುತಗ್ಗುಗಳ ಮೇಲೆ, ಮುಂದಕ್ಕೂ ಹಿಂದಕ್ಕೂ ಗಾಲಿಕುರ್ಚಿಯನ್ನು ತಿರುಗಿಸುತ್ತ ಕಡಮೆ ಕಾಲದಲ್ಲಿ ಕೊನೆಮುಟ್ಟುವ ಪಂದ್ಯವದು. ದಿನಬಳಕೆಯಲ್ಲಿ ಹೊಸ್ತಿಲು, ಮೆಟ್ಟಿಲು, ಇಕ್ಕಟ್ಟಾದ ಬಾಗಿಲುಗಳೊಡನೆ ಹೆಣಗುವ ಗಾಲಿಕುರ್ಚಿಯವನಿಗೆ ಈ ಪಂದ್ಯದ ಮರ್ಮವು ನಮಗಿಂತ ಚೆನ್ನಾಗಿ ತಿಳಿದೀತು. ಈ ಮೂರರಲ್ಲಿಯೂ ಪೇಟ್ಕರರು ಅಂತಿಮ ಸುತ್ತಿನವರೆಗೆ ಹೋದರು. ನಾಲ್ಕನೆಯದು ೫೦ ಮೀಟರಿನ ಫ್ರೀಸ್ಟೈಲ್ ಈಜು.

ಕಾಲುಗಳ ಸ್ವಾಧೀನವಿರುವ ಈಜುಗಾರನು ಹಿಂದಿನಿಂದ ಕಾಲುಬಡಿದು ದೇಹವನ್ನು ಮಟ್ಟವಾಗಿ ತೇಲಿಸುತ್ತ ಮುಂದಕ್ಕೆ ನೂಕಿಕೊಳ್ಳುತ್ತಾನೆ. ಈ ವರ್ಗದವರಿಗೆ ಆ ಸಹಾಯವಿಲ್ಲ. ಕಾಲುಗಳು ಹಿಂದೆ ಎಳೆದುಕೊಂಡು ಬರಬೇಕಾದ ಹೊರೆಯಾಗುತ್ತವೆ. ಮುನ್ನಡೆಸುವುದೂ, ದಿಕ್ಕು ತಪ್ಪದಂತೆ ನೋಡುವುದೂ, ಉಸಿರಿಗಾಗಿ ತಲೆಯನ್ನೆತ್ತಲು ಎಡೆಮಾಡುವುದೂ ಎರಡು ತೋಳುಗಳ ಪಾಲಿಗೇ ಬೀಳುತ್ತದೆ. ಹೀಗಿರಲು ಪೇಟ್ಕರರು ಆ ದೂರವನ್ನು ೩೭.೩೩ ಸೆಕೆಂಡುಗಳಲ್ಲಿ ದಾಟಿ ಚಿನ್ನದ ಪದಕವನ್ನು ಗೆದ್ದರು. ಅವರ ವರ್ಗದಲ್ಲಿ ಆಗ ಅದು ವಿಶ್ವದಾಖಲೆ. ವಾಚಕರು ಗಡಿಯಾರವನ್ನು ಮುಂದಿಟ್ಟುಕೊಂಡು ಮೂವತ್ತೇಳು ಸೆಕೆಂಡುಗಳನ್ನು ಎಣಿಸಿನೋಡಬೇಕು. ಒಂದು ಬಿಂದಿಗೆ ನೀರನ್ನು ಬಾವಿಯಿಂದ ಸೇದಿ ದಡಕ್ಕಿಡುವುದಕ್ಕೂ ಆ ಹೊತ್ತು ಸಾಲದೇ ಹೋಗಬಹುದು.

ಈ ಗೆಲವಿನ ತೂಕವನ್ನು ಅರಿಯಬೇಕಾದರೆ ಮುಂದಿನ ಕೆಲವು ಇಸವಿಗಳನ್ನು ನೆನೆಯಬೇಕು. ಅದೇ ತಿಂಗಳ ಕೊನೆಯಲ್ಲಿ ಆರಂಭವಾದ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ದೊರೆತುದು ಹಾಕಿಯ ಕಂಚಿನ ಪದಕವೊಂದೇ. ಒಲಿಂಪಿಕ್ಸ್‌ನಲ್ಲಿ ಭಾರತೀಯನೊಬ್ಬನು ಒಂಟಿಯಾಗಿ ಚಿನ್ನವನ್ನು ಗೆದ್ದುದು ೨೦೦೮ರಲ್ಲಿ, ಬೀಜಿಂಗಿನಲ್ಲಿ, ಗುರಿಕಾರ ಅಭಿನವ ಬಿಂದ್ರಾ ಅವರಿಂದ. ಅಂದರೆ ಪೇಟ್ಕರರ ಗೆಲವಿಗೆ ೩೬ ವರ್ಷಗಳ ಅನಂತರ. ಪ್ಯಾರಾಲಿಂಪಿಕ್ಸ್‌ನಲ್ಲಿಯೇ ನೋಡುವುದಾದರೆ, ಭಾರತಕ್ಕೆ ಮುಂದಿನ ಪದಕಗಳು ಬಂದುದು ೧೯೮೪ರಲ್ಲಿ. ಆಗ ಜೋಗಿಂದರ್ ಸಿಂಗ್ ಬೇಡಿ ಅವರು ಗುಂಡು, ಚಕ್ರ, ಭರ್ಜಿ ಈ ಮೂರರಲ್ಲಿಯೂ ಪದಕ ಗಳಿಸಿದರು. ಭೀಮರಾವ್ ಕೇಸರಕರರು ಭರ್ಜಿಯಲ್ಲಿ ಬೆಳ್ಳಿಯನ್ನು ಪಡೆದರು. ಎರಡನೆಯ ಚಿನ್ನಕ್ಕಾಗಿ ದೇಶವು ೨೦೦೪ರವರೆಗೆ ಕಾಯಬೇಕಾಯಿತು. ಆ ವರ್ಷ ಅಥೆನ್ಸಿನಲ್ಲಿ ದೇವೇಂದ್ರ ಝಾಝಡಿಯಾ ಅವರು ಭರ್ಜಿಯಲ್ಲಿ ಅದನ್ನು ತಂದರು. ನಡುವೆ ಕಳೆದುದು ೩೨ ವರ್ಷ.

ಇಷ್ಟು ದೊಡ್ಡ ಗೆಲವನ್ನು ತಂದವರನ್ನು ದೇಶವು ಹೇಗೆ ಕಂಡಿತು? ಬರೆಯಲು ಮನಸ್ಸಿಗೆ ಸಂಕೋಚವಾಗುತ್ತದೆ. ಹೈಡೆಲ್‌ಬರ್ಗಿನಿಂದ ಮರಳಿದ ಪೇಟ್ಕರರು ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ನಿಂತು, ದುಡಿದು ಸಂಸಾರವನ್ನು ಸಾಗಿಸಿದರು. ಹೊಟ್ಟೆಯ ಪಾಡು ನಡೆಯಿತು. ಹೆಸರು ಮಾತ್ರ ಜನರ ನೆನಪಿನಿಂದ ಮರೆಯಾಯಿತು. ೧೯೮೨ರಲ್ಲಿ ಅರ್ಜುನ ಪ್ರಶಸ್ತಿಗಾಗಿ ಅವರು ಅರ್ಜಿಯನ್ನು ಸಲ್ಲಿಸಿದರು. ಅದು ಮನ್ನಣೆ ಪಡೆಯಲಿಲ್ಲ. ಶಾಲೆಯ ಪಠ್ಯಪುಸ್ತಕಗಳಲ್ಲಿ ಕ್ರೀಡಾವೀರರ ಪಾಠಗಳನ್ನು ನಾವು ಎಷ್ಟೋ ಬೋಧಿಸಿದ್ದೇವೆ; ಅವುಗಳಲ್ಲಿ ಪೇಟ್ಕರರ ಹೆಸರು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಅದೇ ಸೀಮೆಯ ಖಾಶಾಬಾ ಜಾಧವರ ಪಾಡೂ ಇದೇ ಆಯಿತೆಂಬುದನ್ನು ನೆನೆದರೆ ವಿಷಾದವು ಇಮ್ಮಡಿಸುತ್ತದೆ. ಅವರಿಗೆ ಅರ್ಜುನ ಪ್ರಶಸ್ತಿ ಬಂದುದು ೧೯೮೪ರಲ್ಲಿ ಅವರು ಗತಿಸಿ ಬಹುವರ್ಷಗಳಾದ ಮೇಲೆ.

ಪೇಟ್ಕರರ ವಿಷಯದಲ್ಲಿ ದೈವವು ಸ್ವಲ್ಪ ಕರುಣೆ ತೋರಿತು. ೨೦೧೮ರಲ್ಲಿ, ಅವರ ೭೩ನೆಯ ವಯಸ್ಸಿನಲ್ಲಿ, ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ೨೦೨೪ರ ಜೂನಿನಲ್ಲಿ ಅವರ ಜೀವನವನ್ನು ಆಧರಿಸಿದ ‘ಚಂದು ಚಾಂಪಿಯನ್’ ಎಂಬ ಹಿಂದೀ ಚಲಚ್ಚಿತ್ರವು ತೆರೆಕಂಡಿತು. ಕಬೀರ್ ಖಾನ್ ಅದರ ನಿರ್ದೇಶಕರು, ಕಾರ್ತಿಕ್ ಆರ್ಯನ್ ಮುಖ್ಯ ಪಾತ್ರಧಾರಿ. ೨೦೨೫ರ ಜನವರಿ ೧೭ರಂದು ರಾಷ್ಟ್ರಪತಿ ಶ್ರೀಮತಿ ದ್ರೌಪದಿ ಮುರ್ಮು ಅವರು ಪೇಟ್ಕರರಿಗೆ ಜೀವಮಾನ ಸಾಧನೆಗಾಗಿ ಅರ್ಜುನ ಪ್ರಶಸ್ತಿಯನ್ನು ನೀಡಿದರು. ಆಗ ಅವರಿಗೆ ೮೦ ವರ್ಷ. ಇಪ್ಪತ್ತೇಳರ ಹರೆಯದಲ್ಲಿ ಗೆದ್ದುದಕ್ಕೆ ಎಂಬತ್ತರಲ್ಲಿ ಮನ್ನಣೆ! ತಡವಾಗಿ ಬಂದ ಗೌರವವೂ ಗೌರವವೇ, ಸರಿ. ಆದರೆ ಆ ಐದು ದಶಕಗಳಲ್ಲಿ ಈ ಕಥೆಯನ್ನು ಕೇಳಿದ್ದರೆ ಧೈರ್ಯ ತಾಳಬಹುದಾಗಿದ್ದ ಮಕ್ಕಳೆಷ್ಟು, ಮಕ್ಕಳನ್ನು ಹೊರಗೆ ಬಿಡಬಹುದಾಗಿದ್ದ ತಾಯ್ತಂದೆಗಳೆಷ್ಟು! ಅವರಿಗಾದ ನಷ್ಟವನ್ನು ಯಾವ ಪ್ರಶಸ್ತಿಯೂ ತುಂಬಿಕೊಡಲಾರದು.

ಕನ್ನಡನಾಡೂ ಈ ಕ್ಷೇತ್ರದಲ್ಲಿ ಬರಿಗೈಯಾಗಿಲ್ಲವೆಂಬುದನ್ನು ಸಂತೋಷದಿಂದ ಸ್ಮರಿಸಬೇಕು. ಎಳೆಗೂಸಾಗಿದ್ದಾಗಲೇ ಪೋಲಿಯೋ ಬಡಿದು ನಡೆಯುವ ಶಕ್ತಿಯನ್ನು ಕಳೆದುಕೊಂಡ ಬೆಂಗಳೂರಿನ ಶ್ರೀಮತಿ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯ ಓಟದಲ್ಲಿಯೂ ಎಸೆತದ ಪಂದ್ಯಗಳಲ್ಲಿಯೂ ದೇಶವಿದೇಶಗಳಲ್ಲಿ ಹೆಸರು ಗಳಿಸಿದವರು. ೧೯೯೫ರಲ್ಲಿ ಅರ್ಜುನ ಪ್ರಶಸ್ತಿಯೂ ೨೦೦೧ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದುವು. ತಮ್ಮಂತಹ ಮಕ್ಕಳ ಆಶ್ರಯಕ್ಕಾಗಿ ‘ಮಾತೃ’ ಎಂಬ ಸಂಸ್ಥೆಯನ್ನೂ ಅವರು ಕಟ್ಟಿದರು. ೨೦೧೨ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಒಂದೇ ಒಂದು ಪದಕವನ್ನು ತಂದವರು ಹಾಸನ ಜಿಲ್ಲೆಯ ಗಿರೀಶ ಎನ್. ಗೌಡರು. ಎತ್ತರ ಜಿಗಿತದಲ್ಲಿ ೧.೭೪ ಮೀಟರ್ ಹಾರಿ ಅವರು ಬೆಳ್ಳಿಯನ್ನು ಪಡೆದರು. ಹಾಸನದಲ್ಲಿಯೇ ಜನಿಸಿ, ಉತ್ತರಪ್ರದೇಶದಲ್ಲಿ ಉನ್ನತ ಅಧಿಕಾರಿಯಾದ ಸುಹಾಸ ಯತಿರಾಜರು ಬ್ಯಾಡ್ಮಿಂಟನ್ ಆಟದಲ್ಲಿ ಟೋಕಿಯೋ, ಪ್ಯಾರಿಸ್ ಎರಡರಲ್ಲಿಯೂ ಬೆಳ್ಳಿಯ ಪದಕವನ್ನು ಗೆದ್ದರು. ೨೦೨೪ರ ಪ್ಯಾರಿಸ್ ಕ್ರೀಡೆಗಳಲ್ಲಿ ಭಾರತವು ಗಳಿಸಿದ ಪದಕಗಳು ಒಟ್ಟು ೨೯. ಅವುಗಳಲ್ಲಿ ಏಳು ಚಿನ್ನದವು. ಈ ಎಲ್ಲಕ್ಕೂ ಮೊದಲಲ್ಲಿ ನಿಂತವರು ಒಬ್ಬ ಗಾಯಗೊಂಡ ಸೈನಿಕರು.

ಆದರೆ ಪದಕಗಳ ಎಣಿಕೆಯಿಂದಲೇ ಈ ಲೇಖನವನ್ನು ಮುಗಿಸಿದರೆ ನಮ್ಮ ಉದ್ದೇಶವು ನೆರವೇರದು. ಇಂತಹ ಮಗುವಿರುವ ಮನೆಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ಅಲ್ಲಿಯ ತಾಯ್ತಂದೆಗಳು ನಿರ್ದಯರಲ್ಲ. ಪ್ರೀತಿಯ ಆಧಿಕ್ಯದಿಂದಲೇ ತಪ್ಪುತ್ತಾರೆ. ಬಿದ್ದೀತೆಂದು ಆಟಕ್ಕೆ ಬಿಡುವುದಿಲ್ಲ. ನಕ್ಕಾರೆಂದು ಮದುವೆ ಮುಂಜಿಗಳಿಗೆ ಕರೆದೊಯ್ಯುವುದಿಲ್ಲ. ಶ್ರಮವಾದೀತೆಂದು ತಾವೇ ಎತ್ತಿ ತಾವೇ ಉಣಿಸುತ್ತಾರೆ. ಶಾಲೆಗಳಲ್ಲಿಯೂ ಒಂದು ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ವ್ಯಾಯಾಮದ ಗಂಟೆ ಹೊಡೆದೊಡನೆ ಎಲ್ಲರೂ ಬಯಲಿಗೆ ಓಡುತ್ತಾರೆ. ಕಾಲು ಸೊಟ್ಟಗಿರುವ ಹುಡುಗನು ಮಾತ್ರ ಮಿಕ್ಕವರ ಚೀಲಗಳನ್ನು ಕಾಯುತ್ತ ಜಗಲಿಯ ಮೇಲೆ ಕೂರಬೇಕು. ಕರುಣೆಯಿಂದಲೇ ಹೇಳಿದ ಮಾತು ಅದು. ಆದರೆ ತೋಳುಗಳಿರುವ ಹುಡುಗನು ಚೆಂಡನ್ನು ಎಸೆಯಬಲ್ಲ, ಗುರಿಯಿಡಬಲ್ಲ, ಮೇಜಿನ ಮುಂದೆ ಕುಳಿತು ಆಡಬಲ್ಲ, ವೈದ್ಯರ ಅನುಮತಿಯೂ ತಿಳಿದವರ ಕಾವಲೂ ಇದ್ದರೆ ಈಜಲೂ ಬಲ್ಲ. ಅವನಿಂದ ಏನಾಗದೆಂಬುದನ್ನು ಕಂಡುಹಿಡಿಯಲು ಪಾಂಡಿತ್ಯ ಬೇಕಿಲ್ಲ. ದಾರಿಯಲ್ಲಿ ಹೋಗುವವನೂ ಅದನ್ನು ಹೇಳಿಯಾನು. ಏನಾದೀತೆಂಬುದನ್ನು ಹುಡುಕಿ ಅದನ್ನು ಬೆಳೆಸುವುದೇ ಗುರುವಿನ ಕೆಲಸ, ತಾಯ್ತಂದೆಯರ ಕೆಲಸ.

ಪೇಟ್ಕರರು ಅನೇಕ ಆಟಗಳಿಗೆ ಕೈಹಾಕಿದುದರ ರಹಸ್ಯವೂ ಇದೇ ಎಂದು ನಮಗೆ ತೋರುತ್ತದೆ. ಮುಷ್ಟಿಯುದ್ಧದ ಬಾಗಿಲು ಮುಚ್ಚಿದಾಗ ಅವರು ಆ ಬಾಗಿಲಿನ ಮುಂದೆ ಅಳುತ್ತ ಕೂರಲಿಲ್ಲ. ತೋಳು ಉಳಿದಿದೆ, ಕಣ್ಣು ಉಳಿದಿದೆ, ಉಸಿರು ಉಳಿದಿದೆ. ಇವುಗಳಿಗೆ ಹೊಂದುವ ಆಟ ಯಾವುದೆಂದು ಒಂದೊಂದನ್ನೇ ಆಡಿನೋಡಿದರು. ಟೇಬಲ್ ಟೆನ್ನಿಸ್ ಒಂದು ಸುತ್ತಿನಾಚೆ ಫಲ ಕೊಡಲಿಲ್ಲ, ಭರ್ಜಿಗಳೂ ಸ್ಲಾಲಮ್ಮೂ ಪದಕದವರೆಗೆ ಒಯ್ಯಲಿಲ್ಲ, ನೀರು ಕೈಹಿಡಿಯಿತು. ಒಂದರಲ್ಲಿ ಫಲ ಕಾಣದಿದ್ದರೆ ಇನ್ನೊಂದನ್ನು ಆಡಿಸಿನೋಡುವ ತಾಳ್ಮೆಯು ಮಗುವಿಗಿಂತ ಮೊದಲು ಹಿರಿಯರಲ್ಲಿ ಬರ

ಬೇಕು. ಈ ಲೇಖನವನ್ನು ಓದಿದ ಗೃಹಸ್ಥರಲ್ಲಿ ಯಾರ ಮನೆಯಲ್ಲಾಗಲಿ, ನೆರೆಮನೆಯಲ್ಲಾಗಲಿ ಅಂತಹ ಮಗುವೊಂದಿದ್ದರೆ, ಇಂದಿನ ಸಂಜೆ ಅದನ್ನು ಅಂಗಳಕ್ಕೆ ಕರೆತಂದು ಅದರ ಕೈಗೆ ಒಂದು ಚೆಂಡನ್ನು ಕೊಡುವರಾಗಲಿ. ನಮ್ಮ ಶ್ರಮವು ಅಷ್ಟರಿಂದಲೇ ಸಾರ್ಥಕವಾಗುವುದು.